ಭೂತಾನ್‌ಗೆ ರೂಪಾಯಿ ಒಯ್ಯಬೇಕೋ, ಅಲ್ಲಿಯ ನ್ಗುಲ್ಟ್ರಮ್ಮೋ?

ಪ್ರಶ್ನೆ (ದಾವಣಗೆರೆ): ದಸರಾ ರಜೆಗೆ ಭೂತಾನ್ ಯೋಚನೆ ಇದೆ. ದೊಡ್ಡವರು ಇಬ್ಬರು, ಮಕ್ಕಳು 10 ಮತ್ತು 4 ವರ್ಷದವರು, 5 ರಾತ್ರಿ. ಇಲ್ಲಿ ಪಿ.ಬಿ. ರಸ್ತೆಯಲ್ಲಿ ವಿಚಾರಿಸಿದರೆ ನ್ಗುಲ್ಟ್ರಮ್ ಸಿಗಲ್ಲ ಅಂದರು. ನಮ್ಮ ನೋಟೇ ನಡೆಯುತ್ತಾ? ಅಷ್ಟು ಸಣ್ಣ ದೇಶದ ಹಣ ನಮ್ಮ ರೂಪಾಯಿಗೆ ಸರಿಸಮ ಹೇಗೆ?

ಉತ್ತರ (ಚಿತ್ರದುರ್ಗ): ನಡೆಯುತ್ತೆ ಸರ್, ಅಲ್ಲಿ ರೂಪಾಯಿಗೂ ಕಾನೂನಿನ ಮಾನ್ಯತೆ ಇದೆ. 100ರವರೆಗಿನ ನೋಟು ಎಷ್ಟಾದರೂ ಒಯ್ಯಬಹುದು. 200, 500ರ ಹೊಸ ನೋಟು ಎರಡೂ ಸೇರಿ ಒಬ್ಬರಿಗೆ 25,000 ರೂಪಾಯಿ ಮೀರಬಾರದು. ಪ್ರವಾಸಿಗರಿಂದ ಭೂತಾನ್ ಸರ್ಕಾರ ತಗೊಳ್ಳೋ ಸುಸ್ಥಿರ ಅಭಿವೃದ್ಧಿ ಶುಲ್ಕ ಭಾರತೀಯರಿಗೆ ಒಬ್ಬರಿಗೆ ರಾತ್ರಿಗೆ 1,200, 6ರಿಂದ 12ರ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಿಮ್ಮ ಲೆಕ್ಕ 12,000 + 3,000 = 15,000. ಹೋಟೆಲ್, ಗಾಡಿ ಬಾಡಿಗೆ ಬೇರೆ. 2021ರಿಂದ ಅಲ್ಲಿ ಭೀಮ್ ಯುಪಿಐ ಇದೆ, ಆದರೆ ಮೊಬೈಲ್ ಡೇಟಾ ಸಿಗದ ಕಡೆ ಅದನ್ನೇ ನಂಬಿ ಕೂರಬೇಡಿ.

ಉತ್ತರ (ಹಿರಿಯೂರು): ಸರಿಸಮದ ಪ್ರಶ್ನೆಗೆ ನಾನು ಹೇಳ್ತೀನಿ. 1974ರಲ್ಲಿ ನ್ಗುಲ್ಟ್ರಮ್ ತಂದಾಗಲೇ ರೂಪಾಯಿಗೆ ಒಂದಕ್ಕೊಂದು ಎಂದು ಕಟ್ಟಿದರು. ಅಕ್ಕಿ, ಡೀಸೆಲ್, ಕಬ್ಬಿಣ ಬಹುಪಾಲು ನಮ್ಮಿಂದಲೇ ಹೋಗೋದು, ದರ ದಿನಾ ಏರಿಳಿದರೆ ವ್ಯಾಪಾರವೇ ಕಷ್ಟ. ಆದರೆ ಕಟ್ಟು ನಿಲ್ಲಬೇಕಾದರೆ ಅವರ ಕೇಂದ್ರ ಬ್ಯಾಂಕ್ ಆದ ರಾಯಲ್ ಮಾನಿಟರಿ ಅಥಾರಿಟಿಯ ಕೈಯಲ್ಲಿ ರೂಪಾಯಿ ಇರಬೇಕು. ಆ ರೂಪಾಯಿ ಮುಖ್ಯವಾಗಿ ಬರೋದು ನೀರಿನಿಂದ: 336 ಮೆಗಾವ್ಯಾಟ್‌ನ ಚುಖಾ, 1,020ರ ತಾಲಾ, 720ರ ಮಾಂಗ್‌ದೆಚು, ಇವುಗಳ ವಿದ್ಯುತ್ತು ಭಾರತಕ್ಕೆ ಮಾರಾಟ. ನಮ್ಮ ಜೋಗಿಮಟ್ಟಿ ಗಾಳಿಯಂತ್ರ ಆಷಾಢದಲ್ಲಿ ಜೋರಾಗಿ ತಿರುಗೋ ಹಾಗೆ, ಅಲ್ಲಿ ಮಳೆಗಾಲದಲ್ಲೇ ಹೊಳೆ ತುಂಬಿ ಉತ್ಪಾದನೆ. ಚಳಿಗಾಲದಲ್ಲಿ ಅವರೇ ನಮ್ಮಿಂದ ಕೊಳ್ಳಬೇಕಾಗುತ್ತೆ.

ಸಾಲ ಹೆಚ್ಚಿ ಆಮದು ಏರಿದರೆ ರೂಪಾಯಿ ಖಾಲಿ. ತಮ್ಮಲ್ಲಿ ನ್ಗುಲ್ಟ್ರಮ್ ಮುದ್ರಿಸಬಹುದು, ರೂಪಾಯಿ ಮುದ್ರಿಸೋಕಾಗಲ್ಲವಲ್ಲ! 2011ರ ಕೊನೆಯಲ್ಲಿ 20 ಕೋಟಿ ಡಾಲರ್ ಮಾರಿ ರೂಪಾಯಿ ಕೊಂಡರು, 2012ರಲ್ಲಿ ವಾಹನ ಮತ್ತು ಮನೆ ಕಟ್ಟುವ ಸಾಲಕ್ಕೆ ಕಡಿವಾಣ ಹಾಕಿದರು. ಬಡ್ಡಿ ದರವನ್ನೂ ತಮ್ಮಿಷ್ಟದಂತೆ ಇಟ್ಟುಕೊಳ್ಳೋದು ಕಷ್ಟ, ಇಲ್ಲಿ ಬೆಲೆ ಏರಿದರೆ ಅಲ್ಲೂ ಏರುತ್ತೆ. ಆದರೂ ಆ ಕಟ್ಟು ಬಿಚ್ಚದೆ ಇರೋದೇ ಅವರಿಗೆ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಉತ್ತರ (ಹರಿಹರ): ಒಂದು ಮಾತು ಸೇರಿಸ್ತೀನಿ ಅಣ್ಣ. ಆಧಾರ್ ಪ್ರವೇಶಕ್ಕೆ ಆಗಲ್ಲ. ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ, ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಚಿಲ್ಲರೆಯಾಗಿ ನ್ಗುಲ್ಟ್ರಮ್ ಕೊಟ್ಟರೆ ತಗೊಳ್ಳಿ, ಆದರೆ ಭೂತಾನ್ ಕಡೆಯ ಗಡಿ ಪಟ್ಟಣ ಫುಂಟ್ಶೋಲಿಂಗ್ ಬಿಡೋ ಮುಂಚೆ ಖರ್ಚು ಮಾಡಿಬಿಡಿ. ಗಡಿಯಲ್ಲಿ ನಮ್ಮ ಕಡೆಯ ಜೈಗಾಂವ್ ದಾಟಿದ ಮೇಲೆ ಅದನ್ನ ಯಾರೂ ತಗೊಳ್ಳಲ್ಲ.