ಗಗಾರಿನ್ 'ನೌಕೆಯಲ್ಲಿ' ಇಳಿದರೋ, 'ನೌಕೆಯಿಂದ' ಇಳಿದರೋ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗೆಂದು, ಬಾಹ್ಯಾಕಾಶಕ್ಕೆ ಮೊಟ್ಟಮೊದಲು ಹೋಗಿಬಂದ ಸೋವಿಯತ್ ಗಗನಯಾತ್ರಿ ಯೂರಿ ಗಗಾರಿನ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಸಿಗದೆ ಒದ್ದಾಡುತ್ತಿದ್ದೇನೆ. 'ವೋಸ್ತೋಕ್ ನೌಕೆಯಲ್ಲಿ ಭೂಮಿಗೆ ಇಳಿದರು' ಅಂತ ಬರೆದರೆ ಓದೋಕೇನೋ ಸಲೀಸು, ಆದರೆ ಸುಳ್ಳು. 'ನೌಕೆಯಿಂದ ಇಳಿದರು' ಅಂದರೆ ಬಸ್ಸಿಂದ ಇಳಿದ ಹಾಗೆ. ನೌಕೆ ನೆಲ ಮುಟ್ಟಿತು, ಇವರು ಬಾಗಿಲು ತೆಗೆದು ಹೊರಗೆ ಕಾಲಿಟ್ಟರು ಅನ್ನೋ ಚಿತ್ರ ಬರುತ್ತೆ, ಅಲ್ವಾ? ಅದೂ ನಡೆದದ್ದಲ್ಲ.

1961ರ ಏಪ್ರಿಲ್ 12ರಂದು ಬೈಕನೂರಿನ ಉಡಾವಣಾ ನೆಲೆಯಿಂದ ಹೊರಟು, ಭೂಮಿಗೆ ಒಂದು ಸುತ್ತು ಹಾಕಿ ವಾಪಸ್ಸು ಬರುತ್ತಿದ್ದರು. ನೆಲ ಇನ್ನೂ ಸುಮಾರು 7 ಕಿಲೋಮೀಟರ್ ಕೆಳಗಿದ್ದಾಗ ನೌಕೆಯ ಬಾಗಿಲು ಸಿಡಿದು ಹೋಯಿತು. ಕೂತ ಸೀಟಿನ ಸಮೇತ ಗಗಾರಿನ್ ಹೊರಬಿದ್ದರು. ಸ್ವಲ್ಪ ಹೊತ್ತಿಗೆ ಸೀಟೂ ಕಳಚಿಕೊಂಡಿತು. ನೌಕೆ ತನ್ನ ಪ್ಯಾರಾಶೂಟಿನಲ್ಲಿ ಒಂದು ಕಡೆ ಬಿತ್ತು, ಇವರು ತಮ್ಮ ಪ್ಯಾರಾಶೂಟಿನಲ್ಲಿ ಇನ್ನೊಂದು ಕಡೆ. ಅಪಘಾತ ಅಂದುಕೊಳ್ಳಬೇಡಿ, ಮೊದಲೇ ಮಾಡಿಕೊಂಡ ಏರ್ಪಾಟು. ಆ ಗುಂಡು ನೌಕೆ ನೆಲಕ್ಕೆ ಬಡಿಯುವ ರಭಸಕ್ಕೆ ಒಳಗಿದ್ದವರಿಗೆ ಪೆಟ್ಟಾಗುತ್ತಿತ್ತು. ವೇಗ ತಗ್ಗಿಸುವ ರಾಕೆಟ್ಟು ಅದರಲ್ಲಿ ಇರಲಿಲ್ಲ.

ಬಂದು ಬಿದ್ದದ್ದು ಸಾರಾತೊವ್ ಸೀಮೆಯ ಹೊಲದಲ್ಲಿ. ಎರಕದ ಕೆಲಸ ಓದಿದ್ದು, ಫ್ಲೈಯಿಂಗ್ ಕ್ಲಬ್ಬು ಸೇರಿ ವಿಮಾನ ಹಾರಿಸೋಕೆ ಕಲಿತಿದ್ದು ಎಲ್ಲಾ ಅದೇ ಸಾರಾತೊವ್‌ನಲ್ಲಿ! ಹೊಲದಲ್ಲಿದ್ದ ಆನ್ನಾ ತಖ್ತಾರೋವಾ ಅನ್ನೋ ಹೆಂಗಸು ಮತ್ತು ಅವರ ಪುಟ್ಟ ಮೊಮ್ಮಗಳು, ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್ ನೋಡಿ ಹೆದರಿಬಿಟ್ಟರು. ನಾನೂ ನಿಮ್ಮ ದೇಶದವನೇ ಅಂತ ಇವರೇ ಸಮಾಧಾನ ಮಾಡಬೇಕಾಯಿತು. ಹತ್ತುವಾಗ ಹಿರಿಯ ಲೆಫ್ಟಿನೆಂಟ್, ಇಳಿಯುವಾಗ ಮೇಜರ್. ಮೇಲಿದ್ದಾಗಲೇ ಬಡ್ತಿ ಕೊಟ್ಟಿದ್ದರು. ಆಗ ವಯಸ್ಸು 27.

ನಾನು ಸುಮ್ನೆ ವಿಭಕ್ತಿ ಹಿಡಿದು ಜಗ್ಗಾಡ್ತಿದ್ದೀನಿ ಅಂದುಕೊಳ್ಳಬೇಡಿ. 'ಅಲ್ಲಿ'ಯೋ 'ಇಂದ'ವೋ ಅನ್ನೋದರ ಮೇಲೆ ಆಗ ವಿಶ್ವದಾಖಲೆಯೇ ನಿಂತಿತ್ತು. ದಾಖಲೆ ಬೇಕಾದರೆ ಹಾರಿಸಿದವರು ನೌಕೆಯ ಜೊತೆಗೇ ನೆಲಕ್ಕೆ ಬರಬೇಕು ಅನ್ನೋದು ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ಎಫ್‌ಎಐನ ನಿಯಮ. ಹಾಗಾಗಿ ಸೋವಿಯತ್ ಸರ್ಕಾರ ಗಗಾರಿನ್ ಪ್ಯಾರಾಶೂಟಿನಲ್ಲಿ ಬಂದದ್ದನ್ನು ವರ್ಷಗಟ್ಟಲೆ ಮುಚ್ಚಿಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಹೋಗಿಬಂದ ಗೆರ್ಮನ್ ಟಿಟೊವ್ ತಾನು ಬೇರೆಯಾಗಿ ಇಳಿದದ್ದನ್ನು ಒಪ್ಪಿಕೊಂಡರು. ಆಮೇಲೆ ಎಫ್‌ಎಐ ನಿಯಮವನ್ನೇ ಬದಲಿಸಿತು. ಗಗಾರಿನ್ ದಾಖಲೆ ಉಳಿಯಿತು. ನನ್ನ ಮಟ್ಟಿಗೆ ಅದು ಸರಿಯೇ. ಹೋಗಿ ಬದುಕಿ ಬಂದರಲ್ಲ, ಇನ್ನೇನು ಬೇಕು?

1963ರಲ್ಲಿ ಮೊದಲ ಮಹಿಳಾ ಗಗನಯಾತ್ರಿ ವಲೆಂತೀನಾ ತೆರೆಷ್ಕೋವಾ ಬಂದದ್ದೂ ಹೀಗೆಯೇ. ಆದರೆ 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಸೋಯುಜ್ ನೌಕೆಯ ಒಳಗೇ ಕೂತು ನೆಲ ಮುಟ್ಟಿದವರು. ಅವರಿಗೆ 'ನೌಕೆಯಲ್ಲಿ ಇಳಿದರು' ಅನ್ನೋದು ನೂರಕ್ಕೆ ನೂರು ಸರಿ. ಇಬ್ಬರಿಗೂ ಒಂದೇ ವಾಕ್ಯ ಹಾಕೋಕೆ ಮನಸ್ಸು ಒಪ್ಪುತ್ತಿಲ್ಲ.

'ಧುಮುಕಿದರು' ಹಾಕಿ ನೋಡಿದೆ. ಬಾವಿಗೆ ಧುಮುಕುವವರು ತಾವಾಗಿ ಧುಮುಕುತ್ತಾರೆ. ಇಲ್ಲಿ ತಳ್ಳಿದ್ದು ಯಂತ್ರ. 'ಹೊರಬಿದ್ದರು' ಅಂತ ಮೇಲೆ ನಾನೇ ಬರೆದಿದ್ದೇನೆ, ಆದರೆ ಅದರಲ್ಲಿ ಆಯ ತಪ್ಪಿದ ಛಾಯೆ ಇದೆ. 'ಹೊರಚಿಮ್ಮಿದರು' ಪರವಾಗಿಲ್ಲ, ಕಾರಂಜಿ ನೆನಪಾಗುತ್ತೆ ಅನ್ನೋದೊಂದು ತಕರಾರು. ಯುದ್ಧವಿಮಾನದ ಸುದ್ದಿ ಬರೆಯುವಾಗ ಪತ್ರಿಕೆಯವರು 'ಪ್ಯಾರಾಶೂಟ್ ಮೂಲಕ ಜಿಗಿದು ಪಾರಾದರು' ಅಂತಾರೆ. ಇಲ್ಲಿ ಪಾರಾಗುವಂಥ ಗಂಡಾಂತರ ಇರಲಿಲ್ಲವಲ್ಲ.

ಸದ್ಯಕ್ಕೆ 'ನೌಕೆ ಅವರನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸಿತು, ಅವರು ಪ್ಯಾರಾಶೂಟಿನಲ್ಲಿ ಇಳಿದರು' ಅಂತ ಇಟ್ಟುಕೊಂಡಿದ್ದೇನೆ. ಎರಡು ವಾಕ್ಯ ಆಯಿತು, ಆಗಲಿ. ಇದಕ್ಕಿಂತ ಚಿಕ್ಕದಾಗಿ, ಮಕ್ಕಳಿಗೆ ತಿಳಿಯುವ ಹಾಗೆ ಹೇಳೋಕೆ ನಿಮ್ಮ ಕಡೆ ಮಾತಿದೆಯಾ? ವಾಯುಪಡೆಯಲ್ಲಿ ಇದ್ದವರು ಯಾರಾದರೂ ಇದ್ದರೆ, ಕನ್ನಡದಲ್ಲಿ ಮಾತಾಡುವಾಗ ನೀವು ಏನಂತೀರಿ ಅನ್ನೋದನ್ನೂ ತಿಳಿಸಿ.