ಭಿನ್ನರಾಶಿ ತರಬೇತಿ ತರಗತಿಗೆ ಇಳಿಯಿತೋ ಇಲ್ಲವೋ, ಅಳೆಯೋದು ಹೇಗೆ?

ಛೇದ_ಶಿರಸಿ
ಶಿರಸಿ, ಸಿದ್ದಾಪುರ ತಾಲೂಕುಗಳ 6 ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), 24 ಶಾಲೆ, ಶಾಲೆಗೊಬ್ಬ ಗಣಿತ ಶಿಕ್ಷಕರು. 5ರಿಂದ 7ನೇ ತರಗತಿ, ವಿಷಯ ಭಿನ್ನರಾಶಿ ಮಾತ್ರ. ಮೊದಲು ಎರಡು ದಿನದ ಕಾರ್ಯಾಗಾರ, ಆಮೇಲೆ ತಿಂಗಳಿಗೊಂದು ಅರ್ಧ ದಿನದ ಸಭೆಯಂತೆ ಐದು ತಿಂಗಳು. ಅಳತೆಗೆ ಇಟ್ಟುಕೊಂಡಿದ್ದು: ಶಿಕ್ಷಕರಿಗೆ ಮೊದಲೊಂದು, ಕೊನೆಗೊಂದು ಪರೀಕ್ಷೆ, ಹಿಮ್ಮಾಹಿತಿ ನಮೂನೆ, ಪ್ರತಿ ಶಿಕ್ಷಕರ ಒಂದೊಂದು ತರಗತಿಯ ಮಕ್ಕಳಿಗೆ (ಸರಾಸರಿ 20, ಒಟ್ಟು 480) ಒಂದು ಪರೀಕ್ಷೆ. ತರಗತಿ ವೀಕ್ಷಣೆಗೆ ಇರುವವರು ಇಬ್ಬರೇ. ಇದರಲ್ಲಿ ಎಲ್ಲಿ ಎಡವುತ್ತೇವೆ?

ಕುಮಟಾ_ಮಾಸ್ತರು
ಹಿಮ್ಮಾಹಿತಿ ನಮೂನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಊಟ ಚೆನ್ನಾಗಿತ್ತು, ಸಂಪನ್ಮೂಲ ವ್ಯಕ್ತಿ ನಗಿಸಿದರು ಅಂದರೆ ಐದಕ್ಕೆ ಐದು ಬೀಳುತ್ತದೆ. ಸಭೆಯ ವ್ಯವಸ್ಥೆ ಸುಧಾರಿಸಲು ಇಟ್ಟುಕೊಳ್ಳಿ, ತರಬೇತಿ ಫಲ ಕೊಟ್ಟಿತು ಎಂಬುದಕ್ಕೆ ಸಾಕ್ಷಿಯಾಗಿ ಬೇಡ.

ಶಿಕ್ಷಕರ ಪ್ರಶ್ನೆಪತ್ರಿಕೆಯ ಮೇಲೆ ಹೆಚ್ಚು ಕೆಲಸ ಮಾಡಿ. 'ಲೆಕ್ಕ ಬಿಡಿಸಿ' ಅಂದರೆ ಭಾಗಾಕಾರದಲ್ಲಿ ಎಲ್ಲರೂ ಎರಡನೇ ಭಿನ್ನರಾಶಿಯನ್ನು ತಿರುವಿ ಗುಣಿಸಿ ಉತ್ತರ ಬರೆಯುತ್ತಾರೆ, ಏನೂ ಗೊತ್ತಾಗುವುದಿಲ್ಲ. ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಅವರು ಅಮೆರಿಕದ 23, ಚೀನಾದ 72 ಶಿಕ್ಷಕರಿಗೆ ಕೊಟ್ಟ ಪ್ರಶ್ನೆ ಈಗಲೂ ಚಿನ್ನ: 1¾ ÷ ½ ಬಿಡಿಸಿ, ಅದಕ್ಕೊಂದು ಸನ್ನಿವೇಶ ಹೆಣೆಯಿರಿ. ಗಣಿತದ ದೃಷ್ಟಿಯಿಂದ ಸರಿಯಾದ ಸನ್ನಿವೇಶ ಕೊಟ್ಟವರು ಅಮೆರಿಕದ ಗುಂಪಿನಲ್ಲಿ ಒಬ್ಬರೇ. ನಮ್ಮ ಕಡೆಗೆ ಹೀಗೆ ಕೇಳಬಹುದು: 1¾ ಲೀಟರ್ ಕೊಬ್ಬರಿ ಎಣ್ಣೆ, ಅರ್ಧ ಲೀಟರಿನ ಬಾಟಲಿ, ಎಷ್ಟು ಬಾಟಲಿ ತುಂಬುತ್ತದೆ?

ಎರಡು ತಪ್ಪು ಬರುತ್ತವೆ, ಎರಡಕ್ಕೂ ಬೇರೆ ಬೇರೆ ಸಂಕೇತ ಕೊಡಿ. ಒಂದು, 'ಇಬ್ಬರಿಗೆ ಹಂಚಿದರೆ' ಎಂಬ ಕತೆ. ಅದು ½ರಿಂದ ಅಲ್ಲ, 2ರಿಂದ ಭಾಗಿಸಿದ್ದು, ಉತ್ತರ ⅞. ಇನ್ನೊಂದು ಸೂಕ್ಷ್ಮ: ಮೂರು ಬಾಟಲಿ ತುಂಬಿ ¼ ಲೀಟರ್ ಉಳಿಯಿತು, ಹಾಗಾಗಿ 3¼ ಅನ್ನುವುದು. ಉಳಿದದ್ದು ಲೀಟರಿನ ಕಾಲು, ಬಾಟಲಿಯ ಅರ್ಧ, ಉತ್ತರ 3½. ಯಾವುದನ್ನು 'ಒಂದು' ಅಂತ ಹಿಡಿದಿದ್ದೇವೆ ಎಂಬ ಪ್ರಶ್ನೆಯೇ ಭಿನ್ನರಾಶಿಯ ಬೇರು. ಕತೆ ಸರಿಯಿದ್ದು ಇಲ್ಲಿ ಜಾರುವ ಶಿಕ್ಷಕರಿಗೆ ಬೇಕಾದ ತರಬೇತಿಯೇ ಬೇರೆ.

ಇನ್ನೊಂದು ಪ್ರಶ್ನೆ ಸೇರಿಸಿ. ಮಗು 6/8 ÷ 2/4 ಲೆಕ್ಕದಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಭಾಗಿಸಿ 3/2 ಬರೆದಿದೆ. ಸರಿಯೇ? ಯಾವಾಗಲೂ ನಡೆಯುತ್ತದೆಯೇ? (ನಡೆಯುತ್ತದೆ. ನಿಶ್ಶೇಷವಾಗಿ ಭಾಗ ಹೋಗದಿದ್ದರೆ ಗೋಜಲಾಗುತ್ತದೆ, ಅಷ್ಟೇ.) 'ಪಠ್ಯದಲ್ಲಿಲ್ಲ, ತಪ್ಪು' ಎಂಬ ಉತ್ತರ ಎಷ್ಟು ಬರುತ್ತದೆ ನೋಡಿ.

ಮೊದಲೂ ಕೊನೆಗೂ ಅದೇ ಪತ್ರಿಕೆ ಕೊಟ್ಟರೆ ನೆನಪಿನಿಂದಲೇ ಅಂಕ ಏರುತ್ತದೆ. ಅ, ಆ ಎಂದು ಎರಡು ಪತ್ರಿಕೆ ಮಾಡಿ, ಅರ್ಧ ಜನರಿಗೆ ಅ ಮೊದಲು, ಉಳಿದರ್ಧಕ್ಕೆ ಆ ಮೊದಲು.

ಕಾಳಿ_ದಂಡೆ
ಮಾರಾಯ್ರೆ, ದೊಡ್ಡ ತೊಡಕನ್ನು ಯಾರೂ ಹೇಳಲಿಲ್ಲ. ಒಂದು ತರಗತಿಯಲ್ಲಿ ಭಿನ್ನರಾಶಿ ಪಾಠ ವರ್ಷಕ್ಕೊಮ್ಮೆ ಬರುತ್ತದೆ. ತರಬೇತಿಗೆ ಮೊದಲು ಅದನ್ನು ವೀಕ್ಷಿಸಿದರೆ ಐದು ತಿಂಗಳ ನಂತರ ನೋಡಲು ಆ ಪಾಠವೇ ಇರುವುದಿಲ್ಲ. 6ನೇ ತರಗತಿಯನ್ನು ಮೊದಲು, 7ನೆಯದನ್ನು ಆಮೇಲೆ ನೋಡಿ ಹೋಲಿಸಿದರೆ ಬದಲಾದದ್ದು ಶಿಕ್ಷಕರೋ ತರಗತಿಯೋ ತಿಳಿಯದು.

ದಾರಿ ಇದು: 3 ಕ್ಲಸ್ಟರಿಗೆ ಪಾಠ ಶುರುವಾಗುವ ಮೊದಲೇ ತರಬೇತಿ, ಉಳಿದ 3ಕ್ಕೆ ಅಳತೆಯೆಲ್ಲ ಮುಗಿದ ಮೇಲೆ ಅದೇ ತರಬೇತಿ. ಅದೇ ತರಗತಿ, ಅದೇ ಪಾಠದಲ್ಲಿ ಎರಡೂ ಗುಂಪು ನೋಡಿ. ಯಾರಿಗೆ ಮೊದಲು ಅಂತ ಚೀಟಿ ಎತ್ತುವುದು ಕ್ಲಸ್ಟರ್ ಮಟ್ಟದಲ್ಲೇ ಆಗಲಿ. ಶಿಕ್ಷಕರ ಮಟ್ಟದಲ್ಲಿ ಎತ್ತಿದರೆ ಕ್ಲಸ್ಟರಿನ ಶಿಕ್ಷಕರೆಲ್ಲ ಸೇರುವ ಮುಂದಿನ ಸಮಾಲೋಚನಾ ಸಭೆಯಲ್ಲೇ ಚಟುವಟಿಕೆ ಹಾಳೆಗಳು ಆಚೆ ಗುಂಪಿಗೂ ಹೋಗಿರುತ್ತವೆ. ಆರೇ ಕ್ಲಸ್ಟರಿನಲ್ಲಿ ಚೀಟಿ ಎತ್ತಿದರೂ ಎರಡು ಕಡೆ ಸಮನಾಗದೆ ಹೋಗಬಹುದು. ಬಹುವರ್ಗ (ಒಂದೇ ಕೋಣೆಯಲ್ಲಿ ಹಲವು ತರಗತಿ) ಶಾಲೆಗಳೆಲ್ಲ ಒಂದೇ ಬದಿಗೆ ಬಿದ್ದಿವೆಯೇ ನೋಡಿಕೊಳ್ಳಿ.

480 ಮಕ್ಕಳು ಅಂತ ಹಿಗ್ಗಬೇಡಿ. ಒಂದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ. ಆ ಹೋಲಿಕೆಯ ಗುಣಾಂಕ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರೂ ಒಂದೇ) 0.2 ಅಂದುಕೊಂಡರೆ, ತರಗತಿಯ 20ರಲ್ಲಿ ಒಂದು ಕಳೆದು, 1 + 19 × 0.2 = 4.8. 480ನ್ನು ಅದರಿಂದ ಭಾಗಿಸಿ: 100 ಮಕ್ಕಳಷ್ಟೇ ತೂಕ. ಶಿಕ್ಷಕರ ಸಂಖ್ಯೆ ಹೆಚ್ಚಿಸದೆ ತರಗತಿಗೆ ಹತ್ತು ಮಕ್ಕಳು ಸೇರಿಸಿದರೆ ಹೆಚ್ಚೇನೂ ಸಿಗದು.

ಹಂಚಿನಮಾಡು
ವೀಕ್ಷಣೆಯ ಬಗ್ಗೆ ಮಾತ್ರ ಹೇಳ್ತೇನೆ. 40 ನಿಮಿಷದ ಅವಧಿಯಲ್ಲಿ ಎಲ್ಲವನ್ನೂ ಗುರುತು ಹಾಕಲು ಹೋಗಬೇಡಿ. ಮಗು ತಪ್ಪು ಉತ್ತರ ಕೊಟ್ಟ ಪ್ರತಿ ಪ್ರಸಂಗ ಒಂದು ಘಟಕ. ½ + ⅓ = ⅖ ಅಂದ ಕೂಡಲೇ ಶಿಕ್ಷಕರು ಏನು ಮಾಡಿದರು? ತಾವೇ ಸರಿ ಉತ್ತರ ಹೇಳಿದರೇ, ಬೇರೆ ಮಗುವನ್ನು ಎಬ್ಬಿಸಿದರೇ, 'ಹೇಗೆ ಬಂತು?' ಅಂತ ಅದೇ ಮಗುವನ್ನು ಕೇಳಿದರೇ, ⅖ ಎಂಬುದು ½ಕ್ಕಿಂತಲೂ ಕಡಿಮೆ ಆಯಿತಲ್ಲ ಅಂತ ಹಲಗೆಗೆ ತಂದು ಎಲ್ಲರ ಮುಂದಿಟ್ಟರೇ? ಈ ನಾಲ್ಕು ಸಂಕೇತ ಸಾಕು.

ಇಬ್ಬರು ವೀಕ್ಷಕರ ಒಮ್ಮತವನ್ನು ಶೇಕಡಾದಲ್ಲಿ ತೋರಿಸಿದರೆ ಮೋಸ ಹೋಗ್ತೀರಿ. 50 ಪ್ರಸಂಗ. 'ಹೇಗೆ ಬಂತು' ಕೇಳಿದರು ಅಂತ ಇಬ್ಬರೂ ತಲಾ 5 ಕಡೆ ಗುರುತಿಸಿದ್ದಾರೆ, ಆದರೆ ಎರಡೂ ಕೂಡಿದ್ದು ಒಂದೇ ಕಡೆ. 'ಇಲ್ಲ'ದಲ್ಲಿ 41 ಕಡೆ ಕೂಡಿದೆ. ಒಮ್ಮತ 42/50, ಅಂದರೆ 84%, ನೋಡಲು ಭರ್ಜರಿ. ಆದರೆ ಕಣ್ಣು ಮುಚ್ಚಿ ಗುರುತಿಸಿದರೂ 0.9 × 0.9 + 0.1 × 0.1 = 82% ಬರುತ್ತದೆ. ಇಂಥ ಆಕಸ್ಮಿಕ ಒಮ್ಮತವನ್ನು ಕಳೆದು ಅಳೆಯುವ ಕೋಹೆನ್ ಕಪ್ಪಾ (0.84 − 0.82) ÷ 0.18, ಸುಮಾರು 0.11. ಅಂದರೆ ಒಮ್ಮತವೇ ಇಲ್ಲ. ಮುಖ್ಯ ಅಧ್ಯಯನಕ್ಕೆ ಸೇರದ ನಾಲ್ಕೈದು ಧ್ವನಿಮುದ್ರಿಕೆ ಇಬ್ಬರೂ ಬೇರೆ ಬೇರೆ ಕೂತು ಗುರುತಿಸಿ, ಜಗಳವಾಡಿ, ಸಂಕೇತದ ವಿವರಣೆ ತಿದ್ದಿ. ಆಮೇಲೆ ಹೊರಡಿ.

ಧ್ವನಿ: ಫೋನು ಕಿಸೆಯಲ್ಲಿದ್ದರೆ ಬಟ್ಟೆಯ ಸದ್ದೇ ತುಂಬಿರುತ್ತದೆ. ಶಿಕ್ಷಕರ ಕಾಲರಿಗೆ ಕ್ಲಿಪ್ ಮೈಕು, ಮಕ್ಕಳ ಮಾತಿಗೆ ನಡು ಬೆಂಚಿನ ಮೇಲೆ ಇನ್ನೊಂದು ಫೋನು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಎರಡೂ ಕೆಲಸಕ್ಕೆ ಬಾರವು, ಕೈಬರಹವೇ ಗತಿ. ಹಲಗೆ ಒರೆಸುವ ಮೊದಲು ಫೋಟೋ ಮರೆಯಬೇಡಿ.

ಛೇದ_ಶಿರಸಿ
ವರ್ಷಕ್ಕೊಮ್ಮೆ ಬರುವ ಪಾಠದ ವಿಷಯ ತಲೆಗೇ ಹೋಗಿರಲಿಲ್ಲ. ಹಾಗಾದರೆ ಮೊದಲ ಗುಂಪಿನ ಕಾರ್ಯಾಗಾರ ಜೂನಿನಲ್ಲೇ ಬೇಕು. ಶಿಕ್ಷಕರ ಅಂಕ ಇಲಾಖೆಗೆ ಹೋಗುತ್ತದೆ ಅಂತ ಹೆದರಿದರೆ?

ಕುಮಟಾ_ಮಾಸ್ತರು
ಹೆದರಿಯೇ ಹೆದರುತ್ತಾರೆ, ತಪ್ಪಲ್ಲ. ಅನುಮತಿ ಕೇಳುವ ಪತ್ರದಲ್ಲೇ 'ವೈಯಕ್ತಿಕ ಅಂಕ ಯಾವ ಕಚೇರಿಗೂ ಕೊಡುವುದಿಲ್ಲ' ಎಂದು ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಪಡೆಯಿರಿ. ಅದರ ಪ್ರತಿ ಪ್ರತಿ ಶಿಕ್ಷಕರ ಕೈಯಲ್ಲಿರಲಿ. ಪತ್ರಿಕೆಯ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಪರೀಕ್ಷಾ ಕೋಣೆಯಲ್ಲಿ ಕೂರಬಾರದು.

ಕಾಳಿ_ದಂಡೆ
ಜೂನ್, ಜುಲೈ ಅಂದರೆ ಮಳೆ ರಜೆ. ರಾತ್ರಿ ಘೋಷಣೆಯಾದರೆ ಬೆಳಗಿನ ವೀಕ್ಷಣೆ ಹೋಯಿತು. ವಾರಕ್ಕೆ ಮೂರೇ ಶಾಲೆ ಇಟ್ಟುಕೊಂಡು ಎರಡು ದಿನ ಖಾಲಿ ಬಿಡಿ. ಎರಡೂ ಗುಂಪಿನ ಶಾಲೆಗಳನ್ನು ಒಂದೇ ವಾರದಲ್ಲಿ ಬೆರೆಸಿ. ಇಲ್ಲದಿದ್ದರೆ ಒಂದು ಗುಂಪಿನದ್ದೆಲ್ಲ ಮಳೆಯಲ್ಲಿ, ಇನ್ನೊಂದರದ್ದು ಬಿಸಿಲಲ್ಲಿ ಆಗುತ್ತದೆ. ಹಾಜರಾತಿಯೇ ಬೇರೆ ಇರುತ್ತದೆ.