ಆಟಿ ಮಳೆಗೆ ಸ್ನೇಕ್ ಪ್ಲಾಂಟ್ ಬುಡ ಕೊಳೆಯುತ್ತಿದೆ

ಪ್ರಶ್ನೆ (ಬದಿಯಡ್ಕದಿಂದ): ನರ್ಸರಿ ಅಣ್ಣಾ, ಚಾವಡಿ ಮೂಲೆಯಲ್ಲಿ ಒಂದು ಸ್ನೇಕ್ ಪ್ಲಾಂಟ್ ಇದೆ, ಅಂಚು ಹಳದಿ ಇರುವ ಜಾತಿ. ಬೇಸಿಗೆ ಪೂರ್ತಿ ಚೆನ್ನಾಗಿತ್ತು. ಆಟಿ ತಿಂಗಳು (ಜುಲೈ-ಆಗಸ್ಟ್) ಶುರುವಾದ ಮೇಲೆ ಎರಡು ಎಲೆ ಬುಡ ಮೆತ್ತಗಾಗಿ ವಾಲಿದವು. ಎಳೆದರೆ ಕೈಗೇ ಬಂತು, ಕೆಟ್ಟ ವಾಸನೆ ಬೇರೆ. ವಾರಕ್ಕೆ ಎರಡು ಸಲ ಮಾತ್ರ ನೀರು ಹಾಕುವುದು. ಅಡಿಕೆಗೆ ಮದ್ದು ಬಿಟ್ಟು ಉಳಿದ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಒಂದು ಚೊಂಬು ಹೊಯ್ಯುವ ಅಂತ ಮಾವ ಹೇಳ್ತಿದ್ದಾರೆ. ಆಗಬಹುದಾ?

ನರ್ಸರಿಯವರು: ಮೊದಲು ಮಾವನ ಕೈಯಿಂದ ಚೊಂಬು ತೆಗೆದಿಡಿ ಅಕ್ಕ! ಅಡಿಕೆ ಗೊನೆಗೆ ಬೋರ್ಡೋ ಸರಿ. ಇಲ್ಲಿ ನೀರು ಜಾಸ್ತಿಯಾಗಿಯೇ ಕೊಳೆತದ್ದು, ಅದರ ಮೇಲೆ ಇನ್ನೊಂದು ಚೊಂಬು ಯಾಕೆ?

ಎರಡು ಸಲ 'ಮಾತ್ರ' ಅಂದಿರಲ್ಲ, ಆಟಿಗೆ ಅದೇ ಜಾಸ್ತಿ. ಇದು ಪಶ್ಚಿಮ ಆಫ್ರಿಕಾ ಕಡೆಯ ಗಿಡ. ಎಲೆಯಲ್ಲೂ ಮಣ್ಣೊಳಗಿನ ಗೆಡ್ಡೆಯಲ್ಲೂ ನೀರು ಕೂಡಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಈಗ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಚಟ್ಟಿಯ ಮಣ್ಣು ಒಣಗುತ್ತದಾ? ಒಂದು ಹಿಡಿಸೂಡಿ ಕಡ್ಡಿ ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಅಂದ ಹಾಗೆ, ಚಟ್ಟಿಗೆ ತೂತು ಇದೆಯಾ?

ಬದಿಯಡ್ಕ: ಚುಚ್ಚಿ ನೋಡಿದೆ. ಮೇಲೆ ಒಣಗಿದ ಹಾಗೆ ಉಂಟು, ಕಡ್ಡಿಯ ತುದಿಯಲ್ಲಿ ಬರೀ ಕೆಸರು. ಪಿಂಗಾಣಿ ಚಟ್ಟಿ, ತೂತು ಇಲ್ಲ. ಮಣ್ಣು ತೋಟದ್ದೇ.

ನರ್ಸರಿಯವರು: ಹಾಗಾದರೆ ಅದು ಚಟ್ಟಿ ಅಲ್ಲ, ಬಾವಿ. ಇವತ್ತೇ ಗಿಡ ಕಿತ್ತು ಮಣ್ಣು ಕೊಡವಿ. ಕಂದಾಗಿ ಮೆತ್ತಗಾದ ಗೆಡ್ಡೆ, ಬೇರು ಎಲ್ಲ ಕತ್ತರಿಸಿ ಬಿಸಾಡಿ. ಗಟ್ಟಿಯಾದದ್ದನ್ನು ಗಾಳಿಯಾಡುವ ನೆರಳಿನಲ್ಲಿ ಮೂರು ನಾಲ್ಕು ದಿನ ಹಾಗೇ ಬಿಡಿ, ಗಾಯ ಒಣಗಬೇಕು. ಗಿಡ ಸಾಯುತ್ತದೆ ಅಂತ ಹೆದರಬೇಡಿ. ಮತ್ತೆ ತೂತಿರುವ ಸಣ್ಣ ಮಣ್ಣಿನ ಚಟ್ಟಿಗೆ ಅರ್ಧ ಮಣ್ಣು, ಅರ್ಧ ದಪ್ಪ ಹೊಯ್ಗೆ (ಮರಳು) ಹಾಕಿ ನೆಡಿ. ಕಡಲಿನ ಹೊಯ್ಗೆ ಬೇಡ, ಉಪ್ಪು. ತೆಂಗಿನ ನಾರಿನ ಹುಡಿ ಎಲ್ಲರೂ ಹಾಕುತ್ತಾರೆ, ಮಳೆಗಾಲದಲ್ಲಿ ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ನೀರು ಹಿಡಿದಿಟ್ಟುಕೊಳ್ಳುತ್ತದೆ.

ಒಳ್ಳೆಯ ಎಲೆ ಉಳಿದಿದ್ದರೆ ತುಂಡು ಮಾಡಿ ನೆಡಬಹುದು, ಬುಡದ ಕಡೆಯೇ ಕೆಳಗೆ ಬರಬೇಕು. ಆದರೆ ಎಲೆಯಿಂದ ಬಂದ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಬೇಕಾದರೆ ಗೆಡ್ಡೆಯನ್ನೇ ಪಾಲು ಮಾಡಬೇಕು.

ಉಪ್ಪಳದಿಂದ ಇನ್ನೊಬ್ಬರು: ಇದು ರಾತ್ರಿ ಆಮ್ಲಜನಕ ಬಿಡುತ್ತದಂತೆ, ಮಲಗುವ ಕೋಣೆಯಲ್ಲಿ ಇಟ್ಟರೆ ಒಳ್ಳೆಯದಾ?

ನರ್ಸರಿಯವರು: ಹಾಗೆ ಹೇಳಿ ಮಾರುವವರು ಜಾಸ್ತಿ. ಒಣನಾಡಿನ ಗಿಡ ಅಲ್ವಾ, ಹಗಲು ನೀರು ಆವಿಯಾಗದಿರಲಿ ಅಂತ ಎಲೆಯ ರಂಧ್ರಗಳನ್ನು ರಾತ್ರಿ ತೆರೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೇ. ಆಮ್ಲಜನಕ ಹುಟ್ಟುವುದು ಬೆಳಕಿದ್ದಾಗಲೇ. ಚೆಂದಕ್ಕೆ ಇಡಿ, ಕಿಟಕಿಯ ಹತ್ತಿರ ಇಡಿ. ಮನೆಯಲ್ಲಿ ಬೆಕ್ಕು ಇದ್ದರೆ ಅದಕ್ಕೆ ಎಟುಕದ ಹಾಗೆ ಇಡಿ, ಎಲೆ ಜಗಿದರೆ ವಾಂತಿ ಮಾಡುತ್ತದೆ.